ಮಾವನ ಕೋಟು ತೊಟ್ಟ ತೆಂಗು

ದಿನಾ ಸಂಜೆ ಐದು ಗಂಟೆಗೆ ಸರಿಯಾಗಿ, ತೀರಿಹೋದ ಮಾವನಿಗೆ ಕೋಟು ತೊಡಿಸಿ, ಗುಂಡಿ ಹಾಕಿ, ತಲೆಗೆ ಹ್ಯಾಟು ಇಡುವ ಕೆಲಸ ಜಗತ್ತಿನಲ್ಲಿ ಎಷ್ಟು ಅಳಿಯಂದಿರ ಪಾಲಿಗೆ ಬಂದಿದೆಯೋ ನನಗೆ ಗೊತ್ತಿಲ್ಲ. ನನ್ನ ಪಾಲಿಗೆ ಬಂದಿತ್ತು. ಜೂನ್ ಒಂದರಿಂದ ಆಗಸ್ಟ್ ಮೂವತ್ತೊಂದರವರೆಗೆ, ನಮ್ಮ ಕ್ವೀನ್ಸ್‌ಲ್ಯಾಂಡಿನ ಇಪ್ಸ್‌ವಿಚ್ಚಿಗೆ ಚಳಿಗಾಲ ಬರುವ ಆ ಮೂರು ತಿಂಗಳು ಪೂರ್ತಿ, ಭಾನುವಾರದ ರಜೆಯೂ ಇಲ್ಲದ ನೌಕರಿ. ಬೆಳಿಗ್ಗೆ ಆರಕ್ಕೆ ಮತ್ತೆ ಹೋಗಿ ಹ್ಯಾಟು ತೆಗೆದು, ಗುಂಡಿ ಬಿಚ್ಚಿ, ಕೋಟು ಕಳಚಿ ತಂತಿಯ ಮೇಲೆ ಒಣಹಾಕಬೇಕು. ಬದುಕಿದ್ದಾಗ ಆ ಮಹಾನುಭಾವ ನನ್ನ ಕೈಯಿಂದ ಒಂದು ಗ್ಲಾಸು ಬಿಯರನ್ನೂ ಇಸಿದುಕೊಂಡವನಲ್ಲ.

(ಗಾಬರಿಯಾಗಬೇಡಿ. ಮಾವನನ್ನು ನಾಲ್ಕು ವರ್ಷದ ಹಿಂದೆಯೇ ಬಬಿಂಡಾದಲ್ಲಿ ಮಣ್ಣು ಮಾಡಿದ್ದೇವೆ. ನಾನು ಹೇಳುತ್ತಿರುವುದು ಅವನು ಕೊಟ್ಟ ತೆಂಗಿನ ಗಿಡದ ವಿಷಯ. ಆದರೂ ಗಾಬರಿಯನ್ನು ಪೂರ್ತಿ ಬಿಟ್ಟುಬಿಡಬೇಡಿ, ಮುಂದೆ ಬೇಕಾಗುತ್ತದೆ.)

ಮಾವನ ಹೆಸರು ಆಲ್ಬಿ. ಉತ್ತರದ ಸೆಖೆಯೂರು ಬಬಿಂಡಾದಲ್ಲಿ ನಲವತ್ತು ವರ್ಷ ಕಬ್ಬು ಸಾಗಿಸುವ ರೈಲು ಓಡಿಸಿದವನು. ಆ ಊರಿನಲ್ಲಿ ಮಳೆ ನಿಂತ ದಿನ ಜನ ಹೊರಗೆ ಬಂದು ಆಕಾಶ ನೋಡುತ್ತಾರೆ. ತೆಂಗು ಅಲ್ಲಿ ಕಳೆಯ ಹಾಗೆ ಬೆಳೆಯುತ್ತದೆ. ಸಾಯುವ ವರ್ಷ ಅವನು ಮೊದಲ ಸಲ ಮತ್ತು ಕೊನೆಯ ಸಲ ನಮ್ಮ ಮನೆಗೆ ಬಂದ. ಬರುವಾಗ ಮೊಳಕೆ ಒಡೆದ ಒಂದು ತೆಂಗಿನಕಾಯಿಯನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ತಂದಿದ್ದ. ಅದನ್ನು ನನ್ನ ಹೆಂಡತಿ ಡೆಸ್ಲಿಯ ಕೈಗಿತ್ತು, ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ.

"ಇವನ ಕೈಗೆ ಮಾತ್ರ ಕೊಡಬೇಡ ಮಗಳೇ. ಇದಕ್ಕೇನಾದ್ರೂ ಆದ್ರೆ, ನಾನು ಎಲ್ಲೇ ಇರಲಿ, ನನಗೆ ಗೊತ್ತಾಗುತ್ತೆ" ಎಂದ.

ಇನ್ನು ನಮ್ಮ ಹಿತ್ತಿಲಿನ ಮಹಾತ್ಮೆ. ಸಮುದ್ರದ ಬದಿಯ ಬ್ರಿಸ್ಬೇನಿನವರು ತೆಂಗು ಹಾಕಿ ನಗುನಗುತ್ತ ಬೆಳೆಸಬಹುದು. ನಾವಿರುವುದು ಒಳನಾಡಿನಲ್ಲಿ, ಅದೂ ಹಳ್ಳದ ಅಂಚಿನ ತಗ್ಗಿನಲ್ಲಿ. ಪಕ್ಕದ ಮನೆಯ ಎಮ್ರಿಸ್ (ಕಲ್ಲಿದ್ದಲ ಗಣಿಯಿಂದ ನಿವೃತ್ತನಾದವನು, ಈಗ ನಮ್ಮ ಕಡೆಯ ತಾಳೆ-ತೆಂಗು ಹುಚ್ಚರ ಸಂಘಕ್ಕೆ ಅಧ್ಯಕ್ಷ) ಮೊದಲ ದಿನವೇ ಬೇಲಿಯ ಮೇಲೆ ಗಡ್ಡ ಊರಿ ಹೇಳಿದ್ದ: "ಚಳಿ ಅನ್ನೋದು ನೀರಿನ ಥರ ಕಣೋ ಕ್ಲೆಮ್. ಗುಡ್ಡದ ಮೇಲಿಂದ ಹರಿದು ತಗ್ಗಿಗೆ ಬರುತ್ತೆ. ನಿನ್ನ ಹಿತ್ತಿಲು ಅದರ ಬಾವಿ."

ಆ ಬಾವಿಯ ತಳದಲ್ಲಿ, ನಮ್ಮ ಅಡಿಗೆಮನೆ ಕಿಟಕಿಗೆ ಎದುರಾಗಿ, ಡೆಸ್ಲಿ ಆ ಗಿಡ ನೆಟ್ಟಳು. ಮೂರು ಚಳಿಗಾಲ ಅದು ಹೇಗೋ ದಾಟಿತು. ದಾಟಿಸುವ ವಿಧಾನ ಎಮ್ರಿಸ್ ಕಲಿಸಿಕೊಟ್ಟದ್ದು. ಮೊದಲು ಬುಡದಿಂದ ನೆತ್ತಿಯವರೆಗೆ ಕ್ರಿಸ್‌ಮಸ್ ದೀಪದ ಸರ ಸುತ್ತಬೇಕು. ಈಗಿನ ತಣ್ಣನೆಯ ದೀಪ ನಡೆಯುವುದಿಲ್ಲ, ಮುಟ್ಟಿದರೆ ಬೆರಳು ಸುಡುವ ಹಳೆಯ ಬುರುಡೆಗಳೇ ಬೇಕು. ಅದರ ಮೇಲೆ ಗೋಣಿತಟ್ಟು. ಅದರ ಮೇಲೆ ಇಬ್ಬನಿ ಇಳಿಯದಂಥ ದಪ್ಪನೆಯ ಹೊದಿಕೆ. ಈ ಹೊದಿಕೆಯ ಜಾಗಕ್ಕೆ ಡೆಸ್ಲಿ ಅಪ್ಪನ ಮಳೆಕೋಟನ್ನು ತಂದಳು. ಮೇಣ ಬಳಿದ, ಕಣಕಾಲವರೆಗೆ ಬರುವ, ಕಬ್ಬಿನ ರೈಲಿನಲ್ಲಿ ಮಾವ ನಲವತ್ತು ವರ್ಷ ತೊಟ್ಟ ಕೋಟು. ಅಕ್ಕಪಕ್ಕದ ಗರಿಗಳನ್ನು ತೋಳಿನೊಳಗೆ ತೂರಿಸಬೇಕು. ನೆತ್ತಿಯ ಮಧ್ಯೆ ಇನ್ನೂ ಬಿಚ್ಚದೆ ಈಟಿಯಂತೆ ನಿಂತಿರುತ್ತದಲ್ಲ ಎಳೆಗರಿ, ಆ ಸುಳಿಯ ತುದಿಗೆ ಮಾವನ ಹ್ಯಾಟು ಸಿಕ್ಕಿಸಬೇಕು.

ಸಂಜೆ ಹಳ್ಳದಿಂದ ಮಂಜು ಏಳುವ ಹೊತ್ತಿಗೆ ದೀಪ ಹಾಕಿದರೆ, ಕೋಟಿನ ಗುಂಡಿಗಳ ಸಂದಿಯಿಂದ ಕೆಂಪನೆ ಬೆಳಕು ಹೊರಬರುತ್ತಿತ್ತು. ಎದೆಯೊಳಗೆ ಕೆಂಡ ಇಟ್ಟುಕೊಂಡು, ತೋಳು ಚಾಚಿ, ಹ್ಯಾಟು ತಗ್ಗಿಸಿ ಮಾವ ನಿಂತಿರುತ್ತಿದ್ದ. ನಾನು ಪಾತ್ರೆ ತೊಳೆಯುವ ಜಾಗ ಅದೇ ಕಿಟಕಿಯ ಕೆಳಗೆ.

ಈ ವರ್ಷ ಮೇ ಕೊನೆಯಲ್ಲಿ ಡೆಸ್ಲಿ ಹಳೆಯ ರಾಗ ತೆಗೆದಳು. ಬಬಿಂಡಾಕ್ಕೆ ಹೋಗೋಣ. ತಂಗಿ ನೊಲೀನ್ ಅಲ್ಲೇ ಇದ್ದಾಳೆ. ಇಲ್ಲಿ ಕೈಕಾಲು ಸೆಟೆದು ಸಾಯುವ ಬದಲು ಅಲ್ಲಿ ಬೆವರುತ್ತ ಬದುಕೋಣ.

"ನನ್ನ ಬೌಲ್ಸ್ ಕ್ಲಬ್ಬು ಇಲ್ಲಿದೆ, ಶೆಡ್ ಇಲ್ಲಿದೆ. ನನ್ನ ಅರವತ್ತಾರು ವರ್ಷ ಇಲ್ಲಿದೆ" ಎಂದೆ (ಬೌಲ್ಸ್ ಎಂದರೆ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಆಟ, ನಮ್ಮ ತಂಡಕ್ಕೆ ನಾನೇ ನಾಯಕ).

"ಅರವತ್ತಾರು ವರ್ಷದಲ್ಲಿ ಆ ಶೆಡ್ಡಲ್ಲಿ ಒಂದು ಸ್ಟೂಲೂ ಮಾಡಿಲ್ಲ ನೀನು."

"ಅದು ಯೋಚನೆ ಮಾಡೋ ಶೆಡ್ಡು."

ಮೂರು ದಿನ ಜಟಾಪಟಿ ನಡೆದು ಕೊನೆಗೆ ಒಪ್ಪಂದವಾಯಿತು. ವಸಂತದ ಮೊದಲ ದಿನ, ಸೆಪ್ಟೆಂಬರ್ ಒಂದಕ್ಕೆ, ತೆಂಗು ಜೀವಂತವಿದ್ದರೆ ನಾವು ಇಪ್ಸ್‌ವಿಚ್ಚಿನಲ್ಲೇ ಉಳಿಯುವುದು, ಡೆಸ್ಲಿ ಮತ್ತೆ ಆ ಮಾತು ಎತ್ತುವಂತಿಲ್ಲ. ಸತ್ತಿದ್ದರೆ ಮನೆ ಮಾರಿ ಬಬಿಂಡಾಕ್ಕೆ ಹೋಗುವುದು, ನಾನು ತುಟಿ ಪಿಟ್ ಎನ್ನುವಂತಿಲ್ಲ. "ಅಪ್ಪನ ಗಿಡ ಹೋದ ಮೇಲೆ ನಾನಂತೂ ಇಲ್ಲಿ ಇರಲ್ಲ" ಎಂದಳು. ತೀರ್ಪುಗಾರ ಎಮ್ರಿಸ್. ಜೀವ ಇದೆಯೋ ಇಲ್ಲವೋ ನೋಡುವ ಬಗೆಯನ್ನೂ ಅವನೇ ಹೇಳಿಕೊಟ್ಟ. ಸುಳಿಯ ಮೇಲೆ ಮತ್ತು ಪಕ್ಕದ ಗರಿಯ ಮೇಲೆ ಒಂದೇ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಎಳೆಯುವುದು. ಸುಳಿಯ ಗೆರೆ ಮೇಲೆ ಸರಿದರೆ ಗಿಡ ಬೆಳೆಯುತ್ತಿದೆ, ಅಂದರೆ ಬದುಕಿದೆ. ಪ್ರತಿ ಭಾನುವಾರ ಡೆಸ್ಲಿ ಅಳೆದು ಕ್ಯಾಲೆಂಡರಿನಲ್ಲಿ ಬರೆಯಬೇಕು.

ಅಳಿಯನ ಸೇವೆಯಲ್ಲಿ ಶ್ರದ್ಧೆ ಹುಟ್ಟಿದ್ದು ಆ ದಿನದಿಂದ. ಮಾವನ ಕೊರಳಿನ ಗುಂಡಿಯನ್ನೂ ಬಿಡದೆ ಹಾಕುತ್ತಿದ್ದೆ.

ಜುಲೈ ನಡುವಿನಲ್ಲಿ ನಮ್ಮ ತಲೆಮಾರು ಕಾಣದಂಥ ಚಳಿ ಬಂತು. ಹಕ್ಕಿಗಳಿಗೆ ಇಟ್ಟಿದ್ದ ನೀರು ತಟ್ಟೆಯಾಕಾರದ ಗಾಜಾಯಿತು. ನಲ್ಲಿ ತಿರುಗಿಸಿದರೆ ಪೈಪು ನರಳಿತೇ ಹೊರತು ನೀರು ಬರಲಿಲ್ಲ. ಎರಡನೆಯ ದಿನ ಬುಧವಾರ. ಆ ಸಂಜೆ ಕ್ವೀನ್ಸ್‌ಲ್ಯಾಂಡಿಗೂ ನ್ಯೂ ಸೌತ್ ವೇಲ್ಸಿಗೂ ಫುಟ್‌ಬಾಲು. ಶೆಡ್ಡಿನಲ್ಲಿ ಟಿವಿ ಇಟ್ಟು ಕುಳಿತರೆ ಹಲ್ಲು ಕಟಕಟ ಎನ್ನುತ್ತಿದೆ. ಹೀಟರು ಇದೆ, ಆದರೆ ಅದರ ವಯರು ಮುಟ್ಟುವ ಪ್ಲಗ್ಗು ಒಂದೇ, ಅದರಲ್ಲಿ ಮಾವನ ದೀಪ. ಅರ್ಧ ಗಂಟೆಯ ಮಟ್ಟಿಗೆ ತಾನೇ ಎಂದು ಮಾವನದನ್ನು ಕಿತ್ತು ನನ್ನದನ್ನು ಸಿಕ್ಕಿಸಿದೆ. ನಾವು ಗೆದ್ದೆವು. ಗೆದ್ದ ಖುಷಿಯಲ್ಲಿ ಹೋಗಿ ಮಲಗಿದೆ.

ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದರೆ ಹಿತ್ತಿಲು ಬೆಳ್ಳಗಾಗಿತ್ತು. ಕೋಟೂ ಬೆಳ್ಳಗೆ, ಹ್ಯಾಟೂ ಬೆಳ್ಳಗೆ. ಎದೆಯ ಕೆಂಡ ಆರಿಹೋಗಿತ್ತು. ಬರಿಗಾಲಿನಲ್ಲಿ ಓಡಿದೆ, ಹುಲ್ಲು ಕಾಲಡಿ ಕರಕರ ಮುರಿಯಿತು. ಡೆಸ್ಲಿ ಏಳುವುದರೊಳಗೆ ಪ್ಲಗ್ಗು ಬದಲಿಸಿ, ದೀಪ ಹಾಕಿ, ಏನೂ ಆಗದವನಂತೆ ಬಂದು ಟೋಸ್ಟಿಗೆ ಬೆಣ್ಣೆ ಸವರಿದೆ.

"ರಾತ್ರಿ ತುಂಬಾ ಚಳಿ ಇತ್ತಲ್ವಾ" ಎಂದಳು ಡೆಸ್ಲಿ.

"ಇತ್ತಾ? ನನಗೆ ಗೊತ್ತಾಗ್ಲಿಲ್ಲ."

"ಹೌದಾ" ಎಂದಳು. ಅಷ್ಟೇ.

ಹತ್ತು ದಿನ ಕಳೆದರೂ ಗಿಡ ಹಸಿರಾಗೇ ಇತ್ತು. ಬದುಕಿತು ಬಡಜೀವ ಎಂದುಕೊಂಡು ಎಮ್ರಿಸ್‌ನ ಬಳಿ ಬಾಯಿ ಬಿಟ್ಟೆ (ಪ್ಲಗ್ಗಿನ ವಿಷಯವನ್ನಲ್ಲ, ನಾನೇನು ಹುಚ್ಚನೇ). ಎಮ್ರಿಸ್ ತಲೆ ಅಲ್ಲಾಡಿಸಿದ.

"ಹಸಿರು ನೋಡಿ ಮೋಸ ಹೋಗಬೇಡ. ತೆಂಗು ಸತ್ತಿದ್ದು ತೆಂಗಿಗೇ ತಡವಾಗಿ ಗೊತ್ತಾಗೋದು. ಒಳಗೆ ಪ್ರಾಣ ಹೋಗಿರುತ್ತೆ, ಹೊರಗೆ ಎರಡು ಮೂರು ತಿಂಗಳು ಹಾಗೇ ನಿಂತಿರುತ್ತೆ. ಗಾಳಿ ಬಂದ್ರೆ ತಲೆನೂ ಆಡಿಸುತ್ತೆ."

ನಾನು ಬೇಲಿಗೆ ಇನ್ನಷ್ಟು ಹತ್ತಿರ ಸರಿದೆ. "ಮತ್ತೆ ತಿಳಿಯೋದು ಹೇಗೆ?"

"ಸುಳಿ ಹಿಡಿದು ಎಳೆದ್ರೆ ತಿಳಿಯುತ್ತೆ. ಒಳಗೆ ಕೊಳೆತಿದ್ರೆ ಕೈಗೇ ಬಂದ್ಬಿಡುತ್ತೆ. ಆದ್ರೆ ನೀನು ಎಳೀಬೇಡ ಮಾರಾಯ. ನಮ್ಮ ಸಂಘದಲ್ಲಿ ಚಳಿ ಕೊಂದ ಗಿಡಕ್ಕಿಂತ, ಬದುಕಿದ್ಯಾ ಅಂತ ಎಳೆದು ನೋಡಿ ಕೊಂದಿದ್ದೇ ಜಾಸ್ತಿ. ಡೆಸ್ಲಿಗೂ ಹೇಳಿದೀನಿ, ಅದನ್ನ ಯಾರೂ ಮುಟ್ಟಬೇಡಿ."

ಮುಟ್ಟಬೇಡ ಎಂದಮೇಲೆ ಕೈ ಸುಮ್ಮನಿರುತ್ತದೆಯೇ. ಶನಿವಾರ ಡೆಸ್ಲಿ ಪೇಟೆಗೆ ಹೋದದ್ದೇ ತಡ, ಎರಡೇ ಎರಡು ಬೆರಳಿನಲ್ಲಿ, ಮಗುವಿನ ಕಿವಿ ಹಿಡಿದಷ್ಟು ಮೆತ್ತಗೆ, ಸುಳಿ ಹಿಡಿದು ಎಳೆದೆ.

ಅದು ಬಂತು. ಒಂದು ಚೂರೂ ತಡೆಯದೆ, ಯಾರೋ ಒಳಗಿನಿಂದ ಕೊಟ್ಟ ಹಾಗೆ, ಒರೆಯಿಂದ ಕತ್ತಿ ಬಂದಂತೆ ಉದ್ದಕ್ಕೆ ನನ್ನ ಕೈಗೆ ಬಂತು. ಬುಡದಲ್ಲಿ ಕಂದುಬಣ್ಣದ ಲೋಳೆ. ವಾಸನೆಯನ್ನು ಬಣ್ಣಿಸಲಾರೆ, ನೀವು ಊಟ ಮಾಡಿ ಕುಳಿತಿರಬಹುದು. ಕೈಯಲ್ಲಿ ಸುಳಿ ಹಿಡಿದು ನಾನು, ನೆತ್ತಿಯಲ್ಲಿ ತೂತು ಬಿದ್ದ ಗಿಡ. ಅದರ ಉಳಿದ ಗರಿಗಳು ಗಾಳಿಗೆ ಹೌದು ಹೌದು ಎಂದು ತಲೆಯಾಡಿಸುತ್ತಿದ್ದವು.

ಕೊಂದದ್ದು ನಾನು. ಫುಟ್‌ಬಾಲಿಗಾಗಿ ಕೊಂದೆ. ಡೆಸ್ಲಿಯ ಅಪ್ಪನ ಉಳಿದ ಒಂದೇ ಜೀವಂತ ಗುರುತನ್ನು ಕೊಂದೆ ಎಂಬ ಸಂಕಟ ಒಂದು ಕಡೆ, ಬಬಿಂಡಾ ಒಂದು ಕಡೆ. ಸಂಕಟವನ್ನು ಆಮೇಲೆ ಪಡೋಣವೆಂದು ಸುಳಿಯನ್ನು ಮತ್ತೆ ತೂತಿನೊಳಗೆ ತೂರಿಸಿ, ಹೊಸಕಿ ಗಟ್ಟಿ ಮಾಡಿ, ಗೆರೆಗೆ ಗೆರೆ ಕೂಡಿಸಿದೆ. ಅಲ್ಲೇ ನನಗೊಂದು ದಿವ್ಯಜ್ಞಾನ ಹೊಳೆಯಿತು. ಹೇಗೂ ಸಡಿಲವಾಗಿದೆ. ಶನಿವಾರಕ್ಕೊಮ್ಮೆ ನಾನೇ ಒಂದು ಸೆಂಟಿಮೀಟರ್ ಮೇಲಕ್ಕೆ ಎತ್ತಿದರೆ ಭಾನುವಾರ ಡೆಸ್ಲಿಯ ಲೆಕ್ಕಕ್ಕೆ ಗಿಡ ಬದುಕಿರುತ್ತದೆ. ಸೆಪ್ಟೆಂಬರ್ ಒಂದು ದಾಟಿಸಿಬಿಟ್ಟರೆ ಸಾಕು. ಆಮೇಲೆ ಅದು ಯಾವಾಗ ಬೇಕಾದರೂ ಸಾವಕಾಶವಾಗಿ ಸಾಯಲಿ.

ಒಂದು ಸೆಂಟಿಮೀಟರ್ ಎತ್ತಿದೆ. ಭಾನುವಾರ ಡೆಸ್ಲಿ ಅಳೆದು, "ಒಂದು" ಎಂದು ಕ್ಯಾಲೆಂಡರಿನಲ್ಲಿ ಬರೆದಳು. ನನ್ನ ಮುಖದಲ್ಲಿ ಚಾಣಕ್ಯನ ಕಳೆ ಇದ್ದಿರಬೇಕು.

ಮುಂದಿನ ಶನಿವಾರ ಮತ್ತೆ ಒಂದು ಎತ್ತಿದೆ. ಭಾನುವಾರ ಡೆಸ್ಲಿ ಅಳೆದಳು.

"ಮೂರು" ಎಂದಳು.

"ಒಂದಿರಬೇಕು, ಸರಿಯಾಗಿ ನೋಡು."

"ನನಗೆ ಕಣ್ಣಿಲ್ವಾ? ಮೂರು ಕಣೋ. ಬೆಳೆದಿದ್ರೆ ನಿನಗೇ ತಾನೇ ಒಳ್ಳೇದು, ಯಾಕೆ ಮುಖ ಹಾಗಾಯ್ತು?"

ಹೋಗಿ ನೋಡಿದೆ. ಮೂರೇ. ನಾನು ಎತ್ತಿದ್ದು ಒಂದು. ಇನ್ನೆರಡು ಎಲ್ಲಿಂದ ಬಂತು?

ಪರೀಕ್ಷೆಗೆಂದು ಮೂರನೆಯ ವಾರ ನಾನು ಮುಟ್ಟಲೇ ಇಲ್ಲ. ಎರಡು ಏರಿತ್ತು. ನಾಲ್ಕನೆಯ ವಾರ ಹತ್ತಿರ ಸುಳಿಯಲಿಲ್ಲ, ಮೂರು ಏರಿತು. ಕೊಳೆತು ಕಿತ್ತು ಬಂದದ್ದನ್ನು ಈ ಕೈಯಲ್ಲೇ ಹಿಡಿದಿದ್ದೇನೆ. ಸತ್ತದ್ದು ಬೆಳೆಯುತ್ತಿದೆ. ಯಾರಾದರೂ ಎತ್ತುತ್ತಿದ್ದಾರೆಯೇ ಎಂದು ಕುಳಿತು ಯೋಚಿಸಿದೆ (ಯೋಚನೆ ಮಾಡುವ ಶೆಡ್ಡಿನಲ್ಲೇ). ಡೆಸ್ಲಿ? ಗಿಡ ಸತ್ತರೆ ಅವಳು ಗೆಲ್ಲುತ್ತಾಳೆ, ಅವಳೇಕೆ ಎತ್ತಿಯಾಳು. ಎಮ್ರಿಸ್? ಅವನಿಗೆ ಎರಡೂ ಮಂಡಿ ಹೋಗಿವೆ, ಬೇಲಿ ದಾಟಲಾರ. ಹಾಗಾದರೆ ಆ ಹಿತ್ತಿಲಿನಲ್ಲಿ ಉಳಿದವನು ಒಬ್ಬನೇ. ಕೋಟು ತೊಟ್ಟವನು.

ಅಲ್ಲಿಂದ ಮುಂದೆ ಸಂಜೆಯ ಸೇವೆಯನ್ನು ಬೇರೆ ಕಡೆ ನೋಡುತ್ತ ಮುಗಿಸತೊಡಗಿದೆ. ಹ್ಯಾಟು ಇಡುವುದು ಸುಳಿಯ ತುದಿಗೆ ಎಂದೆನಲ್ಲ. ಸುಳಿ ಏರಿದ ಹಾಗೆ ಹ್ಯಾಟೂ ಏರಿತು. ಜೂನಿನಲ್ಲಿ ಅದರ ಅಂಚು ಕಿಟಕಿಯ ಕೆಳಚೌಕಟ್ಟಿಗಿಂತ ಕೆಳಗಿತ್ತು. ಆಗಸ್ಟ್ ನಡುವಿನ ಹೊತ್ತಿಗೆ ಚೌಕಟ್ಟಿನ ಮಟ್ಟಕ್ಕೆ ಬಂತು. ಆಮೇಲೆ ಹ್ಯಾಟಿನ ಕೆಳಗಿನ ಕತ್ತಲೂ ಕಾಣತೊಡಗಿತು. ನಾನು ತಟ್ಟೆ ತೊಳೆಯುತ್ತಿದ್ದರೆ ಮಾವ ಹಿಮ್ಮಡಿ ಎತ್ತಿ ಒಳಗೆ ಇಣುಕುತ್ತಿದ್ದ. ಎರಡು ತಟ್ಟೆ, ಒಂದು ಟೀಪಾಟು ಒಡೆದವು.

"ಕೈಯಲ್ಲಿ ಜೀವ ಇಲ್ವಾ ನಿನಗೆ?" ಎಂದಳು ಡೆಸ್ಲಿ.

"ಪರದೆ ಹಾಕೋಣ ಕಣೇ ಈ ಕಿಟಕಿಗೆ."

"ಅಪ್ಪ ಕಾಣಲಿ ಅಂತ ತಾನೇ ಗಿಡ ಅಲ್ಲಿ ನೆಟ್ಟಿದ್ದು."

ಹಳ್ಳದ ಕಡೆಯಿಂದ ಕರ್ಲ್ಯೂ ಹಕ್ಕಿಗಳು ಮುಸ್ಸಂಜೆಗೆ ಕೂಗುತ್ತವೆ. ಹೆಂಗಸೊಬ್ಬಳು ಯಾರನ್ನೋ ಕಳೆದುಕೊಂಡು ಅತ್ತ ಹಾಗಿರುತ್ತದೆ ಆ ಕೂಗು. ಹುಟ್ಟಿದಾಗಿನಿಂದ ಕೇಳಿದ್ದೇನೆ, ಎಂದೂ ತಲೆ ಎತ್ತಿ ನೋಡಿದವನಲ್ಲ. ಈಗ ಅದು ಕೂಗಿದಾಗಲೆಲ್ಲ ಕಿಟಕಿಯತ್ತ ತಿರುಗಿ ನೋಡತೊಡಗಿದೆ. ಅಂಥದೇ ಒಂದು ಸಂಜೆ, ಮಂಜು ಮೊಣಕಾಲ ಮಟ್ಟಕ್ಕೆ ಏರಿದ್ದಾಗ, ಡೆಸ್ಲಿ ಗಿಡದ ಮುಂದೆ ನಿಂತು ಕೋಟಿನ ಕಾಲರು ಸರಿಮಾಡುತ್ತಿದ್ದಳು. ಕಿಟಕಿ ಒಂದು ಬೆರಳಿನಷ್ಟು ತೆರೆದಿತ್ತು. ಅವಳ ಮಾತು ಸ್ಪಷ್ಟವಾಗಿ ಕೇಳಿಸಿತು.

"ಹೇಳ್ತಾನೆ ಬಿಡಪ್ಪಾ" ಎನ್ನುತ್ತಿದ್ದಳು. "ಸ್ವಲ್ಪ ತಾಳು. ಅವನಾಗೇ ಹೇಳ್ತಾನೆ."

ನಾನು ಕಿಟಕಿ ಎಳೆದು ಚಿಲಕ ಹಾಕಿದೆ. ರಾತ್ರಿಯೂಟಕ್ಕೆ ಕುರಿಮಾಂಸದ ಚಾಪ್ಸು ಇತ್ತು, ನನ್ನ ಪಾಲು ತಟ್ಟೆಯಲ್ಲೇ ಉಳಿಯಿತು. ಅವಳು ಯಾರ ಪ್ರಶ್ನೆಗೆ ಉತ್ತರ ಕೊಟ್ಟಳು ಎಂದು ಕೇಳುವ ಧೈರ್ಯವೂ ನನಗಿರಲಿಲ್ಲ.

ಐದನೆಯ ಭಾನುವಾರ ನಾಲ್ಕು. ಡೆಸ್ಲಿ ಕ್ಯಾಲೆಂಡರಿನಲ್ಲಿ ಬರೆದು, "ಗೆಲ್ತೀಯ ಬಿಡು" ಎಂದು ನಿಟ್ಟುಸಿರಿಟ್ಟಳು. ಇನ್ನು ಒಂದೇ ವಾರ. ಗೆಲ್ಲುತ್ತಿರುವ ಮನುಷ್ಯ ಹೇಗಿರಬೇಕೋ ಹಾಗೆ ನಾನಿರಲಿಲ್ಲ. ಕೆನ್ನೆ ಒಳಗೆ ಹೋಗಿತ್ತು. ಬೌಲ್ಸಿನಲ್ಲಿ ಚೆಂಡು ಉರುಳಿಸಿದರೆ ಪಕ್ಕದ ಆಟದ ಪಟ್ಟಿಗೆ ಹೋಗುತ್ತಿತ್ತು.

ಆ ಗುರುವಾರ, ಆಗಸ್ಟ್ ಇಪ್ಪತ್ತೆಂಟು, ಚಳಿ ಹೋಗುವ ಮುನ್ನ ಒಮ್ಮೆ ತಿರುಗಿ ಕಚ್ಚಿತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಮಂಜಿನಲ್ಲಿ ಮೆಟ್ಟಿಲೇ ಕಾಣದು. ಕೆಂಪು ಬೆಳಕಿನ ಗುರುತು ಹಿಡಿದು ನಡೆದೆ. ಹತ್ತಿರ ಹೋದಂತೆ ಮಾವ ಮಂಜಿನೊಳಗಿನಿಂದ ಮೆಲ್ಲಮೆಲ್ಲಗೆ ಮೂಡಿದ. ನನಗಿಂತ ಒಂದು ಗೇಣು ಎತ್ತರವಾಗಿದ್ದ. ಕೋಟು ಇಬ್ಬನಿಗೆ ಹೆಪ್ಪುಗಟ್ಟಿ ಮರದ ಹಲಗೆಯಂತಾಗಿತ್ತು. ಕಣ್ಣು ಕೆಳಗೆ ಹಾಕಿ ಒಂದೊಂದೇ ಗುಂಡಿ ಬಿಚ್ಚಿದೆ. ಮೂರನೆಯ ಗುಂಡಿಗೆ ಒಳಗಿನ ಗೋಣಿ ಸಡಿಲವಾಗಿ, ತೋಳೊಳಗಿನ ಗರಿ ಚಿಮ್ಮಿತು. ಸೆಟೆದ ತೋಳು ಮೇಲೆದ್ದು ನನ್ನ ಹೆಗಲ ಮೇಲೆ ಬಿತ್ತು. ಹೆಗಲ ಮೇಲೆ ಅದರ ಭಾರ ಇನ್ನೂ ಇರುವಾಗಲೇ ಹ್ಯಾಟು ಜಾರಿ ನನ್ನ ತಲೆಯ ಮೇಲೆ ಕುಳಿತು, ಕಣ್ಣು ಮುಚ್ಚಿತು.

ಕತ್ತಲಲ್ಲಿ ನಿಂತು ನಾನು ಎಲ್ಲ ಹೇಳಿಬಿಟ್ಟೆ.

"ಮಾವಾ, ಪ್ಲಗ್ ಕಿತ್ತಿದ್ದು ನಾನೇ. ಫುಟ್‌ಬಾಲ್ ನೋಡೋಕೆ ಕಿತ್ತೆ. ಸುಳಿ ಎಳೆದಿದ್ದೂ ನಾನೇ. ಸತ್ತಿದೆ ಅಂತ ಗೊತ್ತಾದ್ಮೇಲೆ ಎರಡು ಸಲ ಮೇಲಕ್ಕೆತ್ತಿ ಡೆಸ್ಲಿ ಕಣ್ಣಿಗೆ ಮಣ್ಣೆರಚಿದೆ. ತಪ್ಪಾಯ್ತು, ಬಿಡು ಮಾವಾ. ಹೆಗಲು ಬಿಡು."

"ಸತ್ತಿದೆಯಾ?" ಎಂದಿತು ಹಿಂದಿನಿಂದ ಒಂದು ದನಿ.

ನಾನು ಕೂಗಿದ ಕೂಗಿಗೆ ಹಳ್ಳದ ಕರ್ಲ್ಯೂಗಳು ಬಾಯಿ ಮುಚ್ಚಿಕೊಂಡವು ಎಂದು ಎಮ್ರಿಸ್ ಆಮೇಲೆ ಹೇಳಿದ. ಹ್ಯಾಟು ಕಿತ್ತು ನೋಡಿದರೆ ಮೆಟ್ಟಿಲ ಬಳಿ ಎರಡು ಕಪ್ ಟೀ ಹಿಡಿದು ಡೆಸ್ಲಿ ನಿಂತಿದ್ದಳು.

ಅಡಿಗೆಮನೆಯ ಮೇಜಿನ ಮುಂದೆ ಕೂರಿಸಿದಳು. ಸಕ್ಕರೆ ಜಾಸ್ತಿ ಹಾಕಿದಳು. ತನ್ನ ಕಪ್ಪು ಎತ್ತಿ ಒಂದು ಗುಟುಕು ಕುಡಿದಳು.

"ಪ್ಲಗ್ಗಿನ ವಿಷಯ ನನಗೆ ಅವತ್ತೇ ಗೊತ್ತಿತ್ತು" ಎಂದಳು. "ನೀನು ಬರಿಗಾಲಲ್ಲಿ ಓಡಿದ್ದು ನೋಡಿದೆ. ಯಾವಾಗ ಹೇಳ್ತೀಯೋ ಅಂತ ಆರು ವಾರದಿಂದ ಕಾದಿದೀನಿ."

ನಾನು ತಲೆ ತಗ್ಗಿಸಿದೆ. "ಆದ್ರೆ ಡೆಸ್, ಅದು ತಾನಾಗಿ ಮೇಲೇಳ್ತಿದೆ. ಸತ್ತಿರೋದು ಹೇಗೆ ಬೆಳೆಯುತ್ತೆ? ನಾನು ಎತ್ತಿದ್ದು ಎರಡೇ ಸಲ. ಮಿಕ್ಕಿದ್ದು ಯಾರು?"

ಅವಳು ಕಪ್ಪು ಕೆಳಗಿಟ್ಟಳು. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡಳು.

"ನಾನೇ" ಎಂದಳು.

"ನೀನಾ?"

"ಗುರುವಾರ ಗುರುವಾರ ನೀನು ಬೌಲ್ಸಿಗೆ ಹೋದಾಗ. ನನಗೂ ಗೊತ್ತಿತ್ತು ಅದು ಹೋಗಿದೆ ಅಂತ. ಆದ್ರೆ ಈ ಮನೆ ಬಿಟ್ರೆ ನೀನು ಬದುಕಲ್ಲ ಅನ್ನಿಸ್ತು. ಅಪ್ಪನ ಗಿಡ ಹೋದ್ರೆ ಹೋಗ್ಲಿ, ನೀನು ಇಲ್ಲೇ ಸುಖವಾಗಿರು ಅಂತ ಎತ್ತಿದೆ."

ಕೇಳಿ, ಮೂವತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾನು ಅಷ್ಟು ಸಣ್ಣವನಾದದ್ದು ಇನ್ನೊಂದು ದಿನವಿಲ್ಲ. ನಾನು ಅವಳನ್ನು ಸೋಲಿಸಲು ಎತ್ತಿದೆ, ಅವಳು ನನ್ನನ್ನು ಗೆಲ್ಲಿಸಲು ಎತ್ತಿದಳು. ಗೊಳೋ ಎಂದು ಅತ್ತುಬಿಟ್ಟೆ. ಕ್ಲಬ್ಬು, ಶೆಡ್ಡು, ನನ್ನ ಅರವತ್ತಾರು ವರ್ಷ, ಎಲ್ಲ ಆ ಟೀಯಲ್ಲಿ ಕರಗಿಹೋದವು.

"ಹೋಗೋಣ ಡೆಸ್" ಎಂದೆ. "ಬಬಿಂಡಾಕ್ಕೇ ಹೋಗೋಣ. ಒಪ್ಪಂದ ಗಿಪ್ಪಂದ ಏನೂ ಬೇಡ. ನಾನಾಗೇ ಹೇಳ್ತಿದೀನಿ."

"ಬೇಡ ಕ್ಲೆಮ್, ನಿನಗೆ ಕಷ್ಟ ಆಗುತ್ತೆ."

"ಇಲ್ಲ. ಹೋಗಲೇಬೇಕು. ಇದು ನನ್ನ ಕೊನೇ ಮಾತು."

ಕೊನೆಯ ಮಾತು ನಾನು ಆಡಿ ಮುಗಿಸುವುದರೊಳಗೆ ನೊಲೀನ್ ಫೋನಿನಲ್ಲಿದ್ದಳು. ಶನಿವಾರ ಬೆಳಿಗ್ಗೆ ಮನೆಯ ಮುಂದೆ 'ಮಾರಾಟಕ್ಕಿದೆ' ಬೋರ್ಡು ನಿಂತಿತು. ಬೌಲ್ಸ್ ಕ್ಲಬ್ಬಿನವರು ಭಾನುವಾರ ಬೀಳ್ಕೊಡುಗೆ ಮಾಡಿ, ನನ್ನ ನಾಯಕನ ಜಾಗವನ್ನು ನನ್ನೆದುರಿಗೇ ಇನ್ನೊಬ್ಬನಿಗೆ ಕೊಟ್ಟು ಚಪ್ಪಾಳೆ ತಟ್ಟಿದರು.

ಸೋಮವಾರ, ಸೆಪ್ಟೆಂಬರ್ ಒಂದು. ತೀರ್ಪಿನ ಅಗತ್ಯ ಇನ್ನೇನೂ ಇರಲಿಲ್ಲ, ಆದರೂ ಎಮ್ರಿಸ್ ಗಣಿಯ ಕಾಲದ ಉಕ್ಕಿನ ಅಳತೆಪಟ್ಟಿ ಹಿಡಿದು, ಶುಭ್ರವಾದ ಅಂಗಿ ತೊಟ್ಟು, ರಸ್ತೆ ಸುತ್ತಿ ಬಂದ. ನಾನು ನಡೆದದ್ದೆಲ್ಲ ಹೇಳಿದೆ. ಅವನು ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ. ಸುಳಿಯನ್ನು ಹಿಡಿದು ಮೇಲಕ್ಕೆತ್ತಿದ. ಕೊಳೆತು ಒಣಗಿದ ಕೋಲು ಕೈಗೆ ಬಂತು. ಅವನು ಬಗ್ಗಿ ನೆತ್ತಿಯ ತೂತಿನೊಳಗೆ ನೋಡಿದ. ಬಹಳ ಹೊತ್ತು ನೋಡಿದ.

"ಬಾ ಇಲ್ಲಿ" ಎಂದ.

ತೂತಿನೊಳಗೆ, ಹೆಬ್ಬೆರಳಿನ ದಪ್ಪಕ್ಕೆ, ಎಳೆಬಾಳೆಯ ಬಣ್ಣದ ಹೊಸ ಸುಳಿ ನಿಂತಿತ್ತು. ಎಮ್ರಿಸ್ ಅಳತೆಪಟ್ಟಿ ಇಳಿಬಿಟ್ಟ. ಹದಿಮೂರು ಸೆಂಟಿಮೀಟರ್. ಕ್ಯಾಲೆಂಡರಿನ ಕೊನೆಯ ಐದು ಭಾನುವಾರ ಕೂಡಿದರೂ ಹದಿಮೂರೇ.

"ಇದೇ ಕಣೋ ತಳ್ಳಿದ್ದು" ಎಂದ. "ಮೇಲಿಂದು ಸತ್ತಿದ್ರೂ ಗುಂಡಿಗೆ ಬದುಕಿದೆ. ತಾನು ಬೆಳೀತಾ ಸತ್ತಿದ್ದನ್ನ ಹೊರಗೆ ತಳ್ಳಿದೆ. ನೀನು ಎತ್ತಿದ್ದೂ ದಂಡ. ಒಂದು ಕೈಯೂ ಬೇಕಾಗಿರ್ಲಿಲ್ಲ ಇದಕ್ಕೆ."

"ಅಂದ್ರೆ ಡೆಸ್ಲಿ ಎತ್ತಿದ್ದು?"

"ಇನ್ಯಾರಾದ್ರೂ ಎತ್ತಿದ್ರೆ ಅಳತೆ ಹೀಗೆ ಕೂಡ್ತಿರ್ಲಿಲ್ಲ."

ನಾನು ಓಡಿದೆ. ಡೆಸ್ಲಿ ಅಡಿಗೆಮನೆಯ ನೆಲದ ಮೇಲೆ ಕುಳಿತು ರಟ್ಟಿನ ಪೆಟ್ಟಿಗೆಗೆ ಪಾತ್ರೆ ತುಂಬುತ್ತಿದ್ದಳು.

"ಗಿಡ ಬದುಕಿದೆ" ಎಂದೆ ಏದುಸಿರು ಬಿಡುತ್ತ. "ತಾನಾಗೇ ಬೆಳೆದಿದೆ. ನೀನು ಎತ್ತಲೇ ಇಲ್ಲ."

ಅವಳ ಮುಖ ಅರಳಿತು. ಕಣ್ಣಲ್ಲಿ ನಿಜವಾದ ನೀರು ಬಂತು. ಎದ್ದು ಕಿಟಕಿಯ ಬಳಿ ಹೋಗಿ ಒಂದು ನಿಮಿಷ ಗಿಡವನ್ನೇ ನೋಡುತ್ತ ನಿಂತಳು. ಆಮೇಲೆ ಬಂದು ಮತ್ತೆ ಪಾತ್ರೆಗಳ ಮುಂದೆ ಕುಳಿತಳು.

"ನಾನು ಯಾಕೆ ಎತ್ತಲಿ?" ಎಂದಳು. "ಎಮ್ರಿಸ್ ಮುಟ್ಟಬೇಡಿ ಅಂದಿದ್ನಲ್ಲ."

"ಮತ್ತೆ ಅವತ್ತು ಅತ್ತಿದ್ದು?"

"ನೀನು ಆರು ವಾರ ನನ್ನ ಕಣ್ಣಿಗೆ ಮಣ್ಣೆರಚಿದ್ದೆ. ನಾನು ಒಂದು ಕಪ್ ಟೀ ಕುಡಿಯೋಷ್ಟು ಹೊತ್ತು."

"ಡೆಸ್, ಒಪ್ಪಂದದ ಪ್ರಕಾರ ನಾನು ಗೆದ್ದಿದೀನಿ."

"ಗೆದ್ದಿದೀಯ ಕಣೋ, ಯಾರು ಇಲ್ಲ ಅಂದ್ರು? ಗೆದ್ದೂ ಬಿಟ್ಟುಕೊಟ್ಟಿದೀಯ. ಎಷ್ಟು ದೊಡ್ಡ ಮನಸ್ಸು ಅಂತ ನೊಲೀನ್ ಕೂಡ ಹೊಗಳಿದ್ಲು. ಆ ದಾರ ಕೊಡು."

ನಾನು ಇನ್ನು ನಾಲ್ಕು ದಿನ, ನಾಲ್ಕೇ ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಕೊನೆಯ ಆಸೆಯಿಂದ ಎಮ್ರಿಸ್‌ನನ್ನು ಕರೆತಂದೆ. ಈ ಸ್ಥಿತಿಯಲ್ಲಿ ಗಿಡ ಕಿತ್ತು ಸಾಗಿಸಿದರೆ ಉಳಿಯುವುದಿಲ್ಲ, ಎರಡು ವರ್ಷವಾದರೂ ಇಲ್ಲಿಂದ ಅಲುಗಿಸಬಾರದು ಎಂದು ಅವನು ಖಡಾಖಂಡಿತವಾಗಿ ಹೇಳಿದ. ನಾನು ಗೆಲುವಿನ ನಗೆ ನಕ್ಕು ಡೆಸ್ಲಿಯ ಮುಖ ನೋಡಿದೆ.

"ಅದು ಇಲ್ಲೇ ಇರಲಿ ಎಮ್ರಿಸ್. ಮನೆ ತಗೊಳ್ಳೋರಿಗೆ ನೀನೇ ಎಲ್ಲ ಕಲಿಸಿಕೊಡು" ಎಂದಳು ಅವಳು. "ಅದಕ್ಕೆ ಇಲ್ಲಿ ಒಗ್ಗಿದೆ. ನಮ್ಮನ್ನ ಯಾವ ವಯಸ್ಸಲ್ಲಾದ್ರೂ ಕಿತ್ತು ನೆಡಬಹುದು."

ಹೀಗೆ, ಸೆಖೆಯೂರಿನ ತೆಂಗು ಇಪ್ಸ್‌ವಿಚ್ಚಿನ ಚಳಿಯಲ್ಲಿ ಉಳಿಯಿತು, ಇಪ್ಸ್‌ವಿಚ್ಚಿನ ನಾನು ಬಬಿಂಡಾಕ್ಕೆ ಬಂದೆ. ನೊಲೀನ್ ನಮಗೊಂದು ಮನೆ ಗೊತ್ತುಮಾಡಿದ್ದಳು. ಗಾಡಿಯಿಂದ ಸಾಮಾನು ಇಳಿಸುವ ಮುನ್ನವೇ ನನ್ನ ಕೈ ಹಿಡಿದು ಹೊಸ ಅಡಿಗೆಮನೆಗೆ ಕರೆದೊಯ್ದು, ಪಾತ್ರೆ ತೊಳೆಯುವ ಜಾಗದ ಮೇಲಿನ ಕಿಟಕಿಯನ್ನು ಧಾರಾಳವಾಗಿ ತೆರೆದಳು.

"ನೋಡು ಭಾವ, ಈ ಜಾಗ ಸಿಗೋಕೆ ಎಷ್ಟು ಓಡಾಡಿದೆ ಗೊತ್ತಾ" ಎಂದಳು. "ಬೇಲಿ ಆಚೆ ಸ್ಮಶಾನ. ಮೊದಲನೇ ಸಾಲಲ್ಲಿ, ಇಗೋ ನೇರಕ್ಕೆ, ಅಪ್ಪ."

ಇಲ್ಲಿ ಈಗ ಹನ್ನೊಂದು ದಿನದಿಂದ ಮಳೆ, ಸೆಖೆ. ಮನೆಯ ಸುತ್ತ ಲೆಕ್ಕವಿಲ್ಲದಷ್ಟು ತೆಂಗಿನ ಮರಗಳಿವೆ, ಒಂದಕ್ಕೂ ಚಳಿಯ ಕಾಟವಿಲ್ಲ. ಸಂಜೆ ಐದಾದರೆ ಊರಿನಲ್ಲಿ ನಡುಗುವವನು ನಾನೊಬ್ಬನೇ.